ಒಂದು ಮುಷ್ಟಿ ಲೋಳೆ

ಇಂದೂಬಾಯಿಗೆ ಸಿಟ್ಟು ಬಂದಿದೆ ಎಂಬುದು ಮೊದಲು ಗೊತ್ತಾಗುತ್ತಿದ್ದುದು ಮನೆಯ ಪಾತ್ರೆಗಳಿಗೆ, ಆಮೇಲೆ ಗಂಡ ಜಯತೀರ್ಥನಿಗೆ. ಕಮಲಾಪುರದ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದ ಆ ಮನುಷ್ಯ, ಹಿತ್ತಲಲ್ಲಿ ತಂಬಿಗೆ ಉರುಳಿದ ಸದ್ದು ಕೇಳಿದರೆ ಸಾಕು, ಪೇಪರು ಮಡಚಿಕೊಂಡು ಹೊರಗಿನ ಕಟ್ಟೆಗೆ ಹೋಗಿ ಕೂತುಬಿಡುತ್ತಿದ್ದ. ಒಂದು ತಾಸು ಕಳೆದರೆ ಎಲ್ಲ ಸರಿಹೋಗುತ್ತಿತ್ತು. ಆದರೆ ಆ ವರ್ಷ ಅನಂತನ ಹುಣ್ಣಿಮೆ ಮುಗಿಸಿಕೊಂಡು ಕಲಬುರಗಿಯ ತವರುಮನೆಯಿಂದ ಬಂದ ಮೇಲೆ ಅವಳ ಸಿಟ್ಟು ಇಳಿಯಲೇ ಇಲ್ಲ. ದಸರೆ ಬಂತು, ಹೋಯಿತು. ಬನ್ನಿ ಕೊಟ್ಟು ಬಂಗಾರದ ಹಾಗೆ ಇರೋಣ ಎಂದು ಊರೆಲ್ಲ ಕಾಲು ಮುಟ್ಟಿ ನಮಸ್ಕಾರ ಮಾಡಿಕೊಂಡಿತು. ಇವಳು ಬನ್ನಿಯನ್ನೂ ಸಿಟ್ಟಿನಲ್ಲೇ ಕೊಟ್ಟಳು, ಸಿಟ್ಟಿನಲ್ಲೇ ತೆಗೆದುಕೊಂಡಳು.

ಇಷ್ಟಕ್ಕೆಲ್ಲ ಕಾರಣ ಒಂದು ಮುಷ್ಟಿ ಲೋಳೆ. ನಗಬೇಡಿ. ಮನೆ ಮುರಿಯಲಿಕ್ಕೆ ಆನೆಯೇ ಬರಬೇಕೆಂದೇನಿಲ್ಲ.

ಕುಸನೂರ ರಸ್ತೆಯಲ್ಲಿ ಅವಳ ಅಣ್ಣ ಗೋಪಾಲ ಹೊಸ ಮನೆ ಕಟ್ಟಿಸಿದ್ದ. ತಂದೆ ನರಸಿಂಹರಾಯರು, ತಾಯಿ ಸಕ್ಕೂಬಾಯಿ ಅವನ ಜೊತೆಗೇ ಇದ್ದರು. ಹಿಂದೊಮ್ಮೆ ರಾಯರಿಗೆ ಎದೆನೋವು ಬಂದು, ಇನ್ನು ಉಳಿಯುವುದಿಲ್ಲ ಎಂದಾಗ ಸಕ್ಕೂಬಾಯಿ ಅನಂತನ ವ್ರತ ಹೊತ್ತಿದ್ದರು. ರಾಯರು ಉಳಿದರು. ಹದಿನಾಲ್ಕು ವರ್ಷ ಕೂದಲೆಳೆಯಷ್ಟೂ ತಪ್ಪದೆ ನಡೆದ ಆ ವ್ರತದ ಉದ್ಯಾಪನೆ ಈ ಸಲ. ಇಂದೂಬಾಯಿ ಮಗಳು ವಾರಿಜಾಳನ್ನು ಕರೆದುಕೊಂಡು ಹಿಂದಿನ ದಿನವೇ ಹೋಗಿದ್ದಳು. ಎಂಟು ವರ್ಷದ ವಾರಿಗೆ ಅಜ್ಜಿಯ ಮನೆಯೆಂದರೆ ಜೀವ.

ಅತ್ತಿಗೆ ವೈಜಯಂತಿಯ ತಮ್ಮ ಮುಂಬಯಿಯಿಂದ ಬಂದವನು ಅಕ್ಕನ ಮಗಳು ಮೇಧಾಳಿಗೆ ಒಂದು ಪ್ಲಾಸ್ಟಿಕ್ ಡಬ್ಬಿ ತಂದುಕೊಟ್ಟಿದ್ದ. ಒಳಗೆ ಹಸಿರು ಲೋಳೆ. ಸ್ಲೈಮು ಅಂತ ಅದರ ಹೆಸರಂತೆ. ಹಿಡಿದರೆ ಕೈಗೆ ಹತ್ತುವುದಿಲ್ಲ, ಬಿಟ್ಟರೆ ಜೋತು ಬೀಳುತ್ತದೆ, ಗೋಡೆಗೆ ಒಗೆದರೆ ಅಂಟಿಕೊಂಡು ಮೆಲ್ಲಗೆ ಇಳಿಯುತ್ತದೆ. ನೆಗಡಿಯಾದ ಕೂಸಿನ ಮೂಗಿನದಕ್ಕೂ ಅದಕ್ಕೂ ಇಂದೂಬಾಯಿಗೆ ಹೆಚ್ಚು ಫರಕು ಕಾಣಲಿಲ್ಲ. ವಾರಿ ಮಾತ್ರ ಕಣ್ಣು ಪಿಳುಕಿಸದೆ ನೋಡುತ್ತ ಕೂತಳು.

"ಮುಟ್ಟಬ್ಯಾಡ. ಇದು ಫಾರಿನ್ದು," ಎಂದಳು ಮೇಧಾ.

ವಾರಿ ಮುಟ್ಟಲಿಲ್ಲ. ಎರಡೂ ಕೈ ತೊಡೆಯ ಮೇಲೆ ಇಟ್ಟುಕೊಂಡು, ನಡುಮನೆಯಲ್ಲಿ ಮೇಧಾ ಅದನ್ನು ಎತ್ತಿ ಒಗೆಯುವುದನ್ನು, ಹಿಡಿಯುವುದನ್ನು ನೋಡಿದಳು. ಆಮೇಲೆ ಇಂದೂಬಾಯಿ ಊಟಕ್ಕೆ ಕರೆದಳು ಎಂದು ಎದ್ದು ಬಂದಳು.

ಮರುದಿನ ಉದ್ಯಾಪನೆ ಸಾಂಗವಾಗಿ ಮುಗಿಯಿತು. ನೈವೇದ್ಯವಾಗಿ, ಬ್ರಾಹ್ಮಣರ ಊಟವಾಗಿ, ಮುತ್ತೈದೆಯರು ನಡುಮನೆಯಲ್ಲಿ ಎಲೆಯಡಿಕೆ ಹಾಕಿಕೊಳ್ಳುತ್ತ ಕೂತಿದ್ದಾಗ, ವೈಜಯಂತಿಗೆ ತಮ್ಮ ತಂದದ್ದನ್ನು ನಾಲ್ಕು ಜನರಿಗೆ ತೋರಿಸಬೇಕೆನಿಸಿತು. ಡಬ್ಬಿ ತೆಗೆದರೆ ಖಾಲಿ. ಎಲ್ಲಿ ಎಂದು ಕೇಳಿದರೆ ಮೇಧಾ ಅಳತೊಡಗಿದಳು. ಮಂಚದ ಕೆಳಗೆ, ಕಪಾಟಿನ ಹಿಂದೆ, ಹೂವಿನ ಬುಟ್ಟಿಯಲ್ಲಿ, ಮಡಿ ಇದ್ದ ಜಾಗವೊಂದನ್ನು ಬಿಟ್ಟು ಮನೆಯೆಲ್ಲ ಹುಡುಕಿದರು.

"ಇಷ್ಟು ದಿನಾ ನಮ್ಮ ಮನ್ಯಾಗ ಒಂದು ಸೂಜಿ ಸೈತ ಕಳದಿದ್ದಿಲ್ಲ ನೋಡ್ರಿ," ಎಂದಳು ವೈಜಯಂತಿ. ಎಲ್ಲರಿಗೂ ಕೇಳುವಷ್ಟು ಗಟ್ಟಿಯಾಗಿ, ಯಾರಿಗೂ ಹೇಳಿಲ್ಲ ಎನ್ನುವಷ್ಟು ಮೆತ್ತಗೆ.

ಆಮೇಲೆ ವಾರಿಯ ಚೀಲ ಬಿಚ್ಚಿದರು. ಫ್ರಾಕಿನ ಎರಡೂ ಕಿಸೆ ತಿರುವಿಸಿದರು. ಏನೂ ಸಿಗಲಿಲ್ಲ. ಸಿಗದಿದ್ದರೆ ತಪ್ಪಾಯಿತು ಎನ್ನಬೇಕಲ್ಲವೆ? ಅನ್ನಲಿಲ್ಲ. "ಎಲ್ಲೆ ಒಗದದೋ ಏನೋ, ಅಂಜಿಕಿಗೆ," ಎಂದಳು ವೈಜಯಂತಿ. ಮುತ್ತೈದೆಯರೆಲ್ಲ ಎಲೆಗೆ ಸುಣ್ಣ ಹಚ್ಚುವುದು ಬಿಟ್ಟು ಇಂದೂಬಾಯಿಯ ಕಡೆ ನೋಡಿದರು. ತವರುಮನೆ, ಅಣ್ಣನ ಎದುರು, ಹಬ್ಬದ ದಿನ. ಇಂದೂಬಾಯಿ ಬಾಯಿಗೆ ಬಂದದ್ದನ್ನು ನುಂಗಿಕೊಂಡಳು, ಕೈಗೆ ಬಂದದ್ದನ್ನು ಮಾಡಿದಳು. ಮಗಳ ಕೆನ್ನೆಗೆ ಫಟ್ಟನೆ ಹೊಡೆದಳು.

ವಾರಿ ಅಳಲಿಲ್ಲ. ಅಡುಗೆಮನೆಯ ಬಾಗಿಲಲ್ಲಿ ಮಡಿಯಲ್ಲಿ ನಿಂತಿದ್ದ ಅಜ್ಜಿಯ ಮುಖವನ್ನೇ ನೋಡಿದಳು. ಸಕ್ಕೂಬಾಯಿ, "ಹಬ್ಬದ ದಿನಾ ಹುಡುಗರಿಗೆ ಹೊಡೀಬಾರದು," ಎಂದಷ್ಟೇ ಹೇಳಿ ಒಳಗೆ ಹೋದರು.

ಕಮಲಾಪುರಕ್ಕೆ ಬಂದ ಮೇಲೆ ಒಂದು ದಿನ ಪಕ್ಕದ ಮನೆಯ ಚಂದಮ್ಮ ಕಂಪೌಂಡಿನ ಮೇಲಿಂದ ಕರೆದಳು. ಕೆಂಪು ಬಾಳೆಯ ತೋಟದವಳು, ಮನಸ್ಸಿಗೆ ಬಂದದ್ದನ್ನು ನಾಲಗೆಯಲ್ಲಿ ತಡೆದುಕೊಳ್ಳದ ಹೆಂಗಸು.

"ಬಾಯಾರ, ನಿಮ್ಮ ಹುಡುಗಿಗಿ ಏನಾಗ್ಯಾದ್ರಿ? ನಮ್ಮನಿಯಿಂದ ಹೊಂಟಾಗೆಲ್ಲಾ ಹೊಸ್ತಿಲದಾಗ ನಿಂತು ಫ್ರಾಕಿನ ಕಿಸೆ ತಿರುವಿ ತೋರಸ್ತಾಳ. ನಿನ್ನಿ ಎರಡು ಬಾಳಿಹಣ್ಣು ಕೊಟ್ರ, ನಾ ತಗೊಂಡಿಲ್ಲ, ನೀವೇ ಕೊಟ್ಟೀರಿ ಅಂತ ನಮ್ಮವ್ವಗ ಹೇಳ್ರಿ ಅಂದ್ಲು. ಅಷ್ಟು ಸಣ್ಣ ಕೂಸಿಗಿ ಯಾರು ಏನಂದಾರ?"

ಇಂದೂಬಾಯಿ ಒಳಗೆ ಬಂದು ತೊಳೆದಿಟ್ಟ ಪಾತ್ರೆಗಳನ್ನೆಲ್ಲ ಮತ್ತೆ ತೊಳೆದಳು. ವೈಜಯಂತಿಯ ಮೇಲೆ ಸಿಟ್ಟು, ಬಾಯಿ ಬಿಡದ ಅಣ್ಣನ ಮೇಲೆ ಸಿಟ್ಟು, ಸುಣ್ಣ ಹಚ್ಚುವುದು ಬಿಟ್ಟು ನೋಡಿದ ಆ ಹೆಂಗಸರ ಮೇಲೆ ಸಿಟ್ಟು. ಎಲ್ಲಕ್ಕಿಂತ ಕೆಳಗೆ, ಪಾತ್ರೆಯ ತಳಕ್ಕೆ ಹತ್ತಿದ ಮಸಿಯ ಹಾಗೆ ಇನ್ನೊಂದಿತ್ತು. ವಾರಿ ತೆಗೆದುಕೊಂಡಿದ್ದರೂ ಇರಬಹುದು ಎಂಬ ಅನುಮಾನ ಅದು. ಅದನ್ನು ಎಷ್ಟು ಉಜ್ಜಿದರೂ ಹೋಗುತ್ತಿರಲಿಲ್ಲ.

"ಅದೇನು ವಜ್ರಾನ? ಮಾಣಿಕಾನ?" ಎಂದು ಗಂಡನ ಮೇಲೆ ಹರಿಹಾಯ್ದಳು. "ಲ್ವಾಳಿ! ಒಂದು ಲ್ವಾಳಿ ಸಲುವಾಗಿ ನನ್ನ ಮಗಳು ಕಳ್ಳಿ ಅನಿಸಿಕೋಬೇಕಾ? ನಾ ಮಾಡ್ತೇನಿ ನೋಡ್ರಿ. ಬಕೀಟ್‌ಗಟ್ಲೆ ಮಾಡಿ ಒಯ್ದು ಆಕಿ ಬಾಗಲ ಮುಂದ ಸುರದು ಬರ್ತೇನಿ. ಅಂಗಳಕ್ಕ ಸೆಗಣಿ ಛಳಿ ಹೊಡದಂಗ ಹೊಡದು ಬರ್ತೇನಿ."

"ಮಾಡು," ಎಂದ ಜಯತೀರ್ಥ. "ಆದ್ರ ಆ ಸಾರಿನ ಪಾತ್ರಿದಾಗ ಮಾಡಬ್ಯಾಡ."

ಅವಳು ಸಾರಿನ ಪಾತ್ರೆಯಲ್ಲೇ ಮಾಡಿದಳು. ಮೊದಲು ಅಗಸೆಯನ್ನು ಕುದಿಸಿದಳು. ಲೋಳೆಯೇನೋ ಭರ್ಜರಿ ಬಂತು, ಆದರೆ ಕೈಯಲ್ಲಿ ನಿಲ್ಲಲಿಲ್ಲ, ಬೆರಳ ಸಂದಿಯಿಂದ ಸೋರಿ ಮೊಣಕೈಗೆ ಇಳಿಯಿತು. ಮೆಂತ್ಯ ನೆನೆಹಾಕಿ ರುಬ್ಬಿದಳು. ಅದು ನೊರೆ ಬಂದು ದೋಸೆಯ ಹಿಟ್ಟಾಯಿತು. ಮೈದಾ ಗಂಜಿ ಕಾಸಿದಳು. ಅದು ಗೋಡೆಗೆ ಪೋಸ್ಟರ್ ಹಚ್ಚಲಿಕ್ಕೆ ಸರಿ, ಆಟಕ್ಕಲ್ಲ. ಬೆಂಡೆಕಾಯಿ ಹಿಂಡಿದಳು, ಅವಲಕ್ಕಿ ಕಿವುಚಿದಳು. ಮುಂಬಯಿಯ ಡಬ್ಬಿಯಲ್ಲಿದ್ದದ್ದು ಎಳೆದರೆ ಬರಬೇಕು, ಬಿಟ್ಟರೆ ಕೂಡಬೇಕು. ಇವಳದು ಎಳೆದರೆ ಹರಿಯುತ್ತಿತ್ತು, ಬಿಟ್ಟರೆ ನಾರುತ್ತಿತ್ತು. ವಾರಿ ಬಾಗಿಲ ಹಿಂದೆ ನಿಂತು ಎಲ್ಲ ನೋಡುತ್ತಿದ್ದಳು, ಒಳಗೆ ಬರುತ್ತಿರಲಿಲ್ಲ.

ಕೊನೆಗೆ ಅದು ಬಂದದ್ದು ಯಾರೂ ಕರೆಯದೆ. ದೀಪಾವಳಿ ಹತ್ತಿರವಾಗಿತ್ತು. ಜಯತೀರ್ಥ ಆಕಾಶಬುಟ್ಟಿ ಕಟ್ಟಲು ಬಿದಿರಿನ ಕಡ್ಡಿ, ಬಣ್ಣದ ಕಾಗದ ಹರವಿಕೊಂಡು ಕೂತಿದ್ದ. ಸರಿಯಾಗಿ ಊಟ ಮಾಡದೆ ವಾರಿಯ ಬಾಯಲ್ಲಿ ಹುಣ್ಣಾಗಿತ್ತು. ಮುಕ್ಕಳಿಸಲಿಕ್ಕೆ ಎಂದು ಇಂದೂಬಾಯಿ ಬಿಳಿಗಾರವನ್ನು ಬಿಸಿನೀರಿನಲ್ಲಿ ಕದಡಿ ಬಟ್ಟಲಲ್ಲಿ ಇಟ್ಟಿದ್ದಳು. ಜಯತೀರ್ಥ ಬರೀ ನೀರೆಂದುಕೊಂಡು ಫೆವಿಕಾಲ್ ಮೆತ್ತಿದ ಕೈಯನ್ನು ಅದರಲ್ಲಿ ಅದ್ದಿದ.

"ಇಂದೂ! ನಿನ್ನ ನೀರು ನನ್ನ ಕೈ ಹಿಡೀತು ನೋಡ!"

ಅವನ ಬೆರಳುಗಳಿಂದ ಬಿಳಿಯದೊಂದು ಮುದ್ದೆ ಜೋತಾಡುತ್ತಿತ್ತು. ಇಂದೂಬಾಯಿ ಅದನ್ನು ಎಳೆದಳು, ಬಂತು. ಬಿಟ್ಟಳು, ಕೂಡಿತು. ಆ ಹುಣ್ಣಿಮೆಯಿಂದ ಈಚೆಗೆ ಮೊದಲ ಬಾರಿಗೆ ಅವಳ ಮುಖದಲ್ಲಿ ಸಿಟ್ಟಲ್ಲದ ಏನೋ ಒಂದು ಕಂಡಿತು.

ಅರ್ಧ ಬಟ್ಟಲು ಫೆವಿಕಾಲಿಗೆ ಅಷ್ಟೇ ನೀರು ಬೆರೆಸಿ ಕಲಕಿದಳು. ಬಿಳಿಗಾರದ ನೀರನ್ನು ಚಮಚದಿಂದ ಸ್ವಲ್ಪ ಸ್ವಲ್ಪವೇ ಬಿಡುತ್ತ ಚಪಾತಿ ಹಿಟ್ಟಿನ ಹಾಗೆ ನಾದಿದಳು. ಬಣ್ಣ ಬೇಡವೆ? ಮನೆಯಲ್ಲಿದ್ದ ಬಣ್ಣವೆಂದರೆ ಅರಿಶಿನ. ಒಂದು ಚಿಟಿಕೆ ಹಾಕಿದರೆ ಹಳದಿಯಾಗುವುದು ಬಿಟ್ಟು, ಸುಣ್ಣ ಬಿದ್ದ ಓಕುಳಿಯ ಹಾಗೆ ಕೆಂಪಾಯಿತು. ಚಂದಮ್ಮನ ತೋಟದ ಬಾಳೆಹಣ್ಣಿನ ಸಿಪ್ಪೆಯ ಕೆಂಪು. ಆ ಫಾರಿನ್ ಹಸಿರಿಗಿಂತ ಎಷ್ಟೋ ಚೆಂದ.

"ವಾರೀ, ಬಾ ಇಲ್ಲೆ. ತಗೋ!"

ವಾರಿ ಬಂದಳು. ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ನಿಂತಳು.

"ನಾ ಮುಟ್ಟಂಗಿಲ್ಲ."

"ಯಾಕ? ನಿನ್ನ ಸಲುವಾಗೇ ಮಾಡೀನಿ. ಇಷ್ಟು ಆಸೆ ಇತ್ತು ಅಂದ್ರ ನನಗ ಕೇಳಬೇಕಿತ್ತು. ನಾ ಮಾಡಿಕೊಡ್ತಿದ್ದೆ. ಅಲ್ಲಿ..."

ಮಾತು ಅರ್ಧಕ್ಕೆ ನಿಂತಿತು. ಆದರೆ ಮಗಳು ಉಳಿದ ಅರ್ಧವನ್ನು ಕೇಳಿಬಿಟ್ಟಿದ್ದಳು.

"ನಾ ತಗೊಂಡೀನಿ ಅಂತ ನೀನೂ ತಿಳದಿ. ಹೌದಲ್ಲ?"

ಇಂದೂಬಾಯಿಗೆ 'ಇಲ್ಲ' ಎನ್ನಲಿಕ್ಕೆ ಒಂದು ಗಳಿಗೆ ಹೆಚ್ಚೇ ಹಿಡಿಯಿತು. ಆ ಗಳಿಗೆಯೇ ಸಾಕಾಯಿತು. ವಾರಿ ತಿರುಗಿ ಹೊರಗೆ ಹೋದಳು. ಬಾಗಿಲಲ್ಲಿ ಒಂದು ಕ್ಷಣ ನಿಂತು, ತನ್ನ ಸ್ವಂತ ಮನೆಯ ಬಾಗಿಲಲ್ಲಿ, ಫ್ರಾಕಿನ ಕಿಸೆ ಎರಡನ್ನೂ ತಿರುವಿ ತೋರಿಸಿ ಹೋದಳು.

ಇಂದೂಬಾಯಿ ಯಾರ ಮೇಲೆ ಎಂದು ಗೊತ್ತಿಲ್ಲದ ಸಿಟ್ಟಿನಲ್ಲಿ ಕೈಯಲ್ಲಿದ್ದ ಮುದ್ದೆಯನ್ನು ಎತ್ತಿ ಮೇಲಕ್ಕೆ ಒಗೆದಳು. ಅದು ಹೋಗಿ, ಜಂತಿಗೆ ಕಟ್ಟಿದ ಗಳದ ಮೇಲೆ ಮರುದಿನಕ್ಕೆಂದು ಒಣಹಾಕಿದ್ದ ಅವಳ ಮಡಿಸೀರೆಯ ಮಡಿಕೆಗೆ ಹತ್ತಿಕೊಂಡಿತು. ಕೆಳಗೆ ಬರಲಿಲ್ಲ. ಮಡಿಯಲ್ಲಿ ಇಲ್ಲದಾಗ ಅದನ್ನು ಮುಟ್ಟುವಂತಿಲ್ಲ. ಸಾಯಲಿ ಎಂದು ಬಿಟ್ಟು ಹೋದಳು.

ಬೆಳಿಗ್ಗೆ ಸ್ನಾನ ಮಾಡಿ ಕೋಲಿನಿಂದ ಸೀರೆ ಇಳಿಸಿದರೆ ಮುದ್ದೆಯೇ ಇಲ್ಲ. ನೆಲದ ಮೇಲೂ ಬಿದ್ದಿಲ್ಲ. ನೋಡುತ್ತಾಳೆ, ಸೀರೆಯ ನಾಲ್ಕು ಮಡಿಕೆ ಒಂದಕ್ಕೊಂದು ಹತ್ತಿ ಹಪ್ಪಳದಂತೆ ಬಿರುಸಾಗಿವೆ. ಬಟ್ಟೆ ಆ ಲೋಳೆಯನ್ನು ಪೂರ್ತಿ ಕುಡಿದುಬಿಟ್ಟಿತ್ತು. ಹಿತ್ತಲ ಕಲ್ಲಿನ ಮೇಲೆ ಹಾಕಿ ಬಿಸಿನೀರು ಸುರಿದಳು, ಸಾಬೂನು ತಿಕ್ಕಿದಳು, ಅಂಟವಾಳಕಾಯಿ ಹಾಕಿ ಬಡಿದಳು. ಜಪ್ಪಯ್ಯ ಅನ್ನಲಿಲ್ಲ. ಕೊನೆಗೆ ಏನೂ ತೋಚದೆ ಒಂದು ನಿಂಬೆಹಣ್ಣು ಹೋಳು ಮಾಡಿ ಉಜ್ಜಿದಳು. ಕೆಂಪಿದ್ದದ್ದು ಹಳದಿಯಾಯಿತು. ಅಂಟು ನೀರಾಗಿ ಬಿಟ್ಟುಕೊಂಡಿತು.

ಕೈಯಲ್ಲಿ ನಿಂಬೆಯ ಹೋಳು ಹಿಡಿದು ಇಂದೂಬಾಯಿ ಹಾಗೇ ಕೂತುಬಿಟ್ಟಳು.

ನಿಂಬೆಹಣ್ಣಿನ ಹೋಳುಗಳು. ಉದ್ಯಾಪನೆಯ ದಿನ ಸಂಜೆ, ಅಣ್ಣನ ಮನೆಯ ಹಿತ್ತಲು. ಬಟ್ಟೆ ಒಗೆಯುವ ಕಲ್ಲಿನ ಸುತ್ತ ಹಿಂಡಿ ಒಗೆದ ನಿಂಬೆಯ ಹೋಳುಗಳು ಬಿದ್ದಿದ್ದವು. ಅವ್ವ ಕುಕ್ಕುರುಗಾಲಲ್ಲಿ ಕೂತು ಅವತ್ತು ಉಟ್ಟಿದ್ದ ಮಡಿಸೀರೆಯ ನಿರಿಗೆಯನ್ನು ಉಜ್ಜುತ್ತಿದ್ದಳು. "ಏನವ್ವಾ ಇಷ್ಟು ದಣದೀದಿ, ಈಗ ಯಾಕ?" ಎಂದು ಕೇಳಿದ್ದಕ್ಕೆ, "ಎಣ್ಣಿ ಬಿದ್ದದ," ಎಂದು ಸೀರೆಯನ್ನು ಆಚೆ ಮಗ್ಗುಲಿಗೆ ತಿರುವಿಕೊಂಡಿದ್ದಳು. ಎಣ್ಣೆಗೆ ಅಂಟವಾಳ ಬಿಟ್ಟು ನಿಂಬೆಹಣ್ಣು ಯಾರು ತಿಕ್ಕುತ್ತಾರೆ? ಮತ್ತೆ ಮೇಧಾ ಕೂತು ಆ ಲೋಳೆಯನ್ನು ಮೇಲಕ್ಕೆ ಒಗೆದು ಹಿಡಿಯುತ್ತಿದ್ದದ್ದೆಲ್ಲಿ? ನಡುಮನೆಯಲ್ಲಿ. ಮಡಿಬಟ್ಟೆಯ ಗಳದ ಕೆಳಗೇ. ಮರುದಿನ ಅವ್ವ ಉಟ್ಟದ್ದು ಆ ಗಳದ ಮೇಲಿನ ಸೀರೆಯನ್ನೇ. ಮನೆಯೆಲ್ಲ ಜಾಲಾಡಿದವರು ಯಾರೂ ಅವಳ ಮಡಿಯ ಕಡೆ ನೋಡಲಿಲ್ಲ, ಮುಟ್ಟುವಂತಿರಲಿಲ್ಲವಲ್ಲ!

ಅವ್ವನಿಗೆ ಗೊತ್ತಿತ್ತು. ವಾರಿಯ ಕಿಸೆ ತಿರುವಿಸುವಾಗ, ಕೆನ್ನೆಗೆ ಏಟು ಬೀಳುವಾಗ, ಆ ಸೀರೆಯನ್ನೇ ಉಟ್ಟು ಬಾಗಿಲಲ್ಲಿ ನಿಂತಿದ್ದಳು.

ಇಂದೂಬಾಯಿ ಒದ್ದೆ ಕೈಯಲ್ಲೇ ಒಳಗೆ ಓಡಿದಳು. ವಾರಿ ಶಾಲೆಯ ಚೀಲ ತುಂಬಿಕೊಳ್ಳುತ್ತಿದ್ದಳು.

"ನೀ ತಗೊಂಡಿಲ್ಲ. ನನಗೀಗ ಗೊತ್ತಾತು. ನಿನಗ ಹೊಡದದ್ದು ನನ್ನ ತಪ್ಪು ವಾರಿ."

ವಾರಿ ಚೀಲದ ಗುಂಡಿ ಹಾಕಿದಳು. ಅವಳಿಗೂ ಸಿಟ್ಟು ಇತ್ತು, ಯಾರ ಮಗಳು ಅವಳು!

"ಇಲ್ಲೆ ಅಂದ್ರ ಏನು ಬಂತು?" ಎಂದಳು. "ಹೊಡದದ್ದು ಅಲ್ಲೆ, ಎಲ್ಲಾರ ಮುಂದ."

ಆ ದಿನ ವಾರಿ ಶಾಲೆಗೆ ಹೋಗಲಿಲ್ಲ. ಇಂದೂಬಾಯಿ ಬಟ್ಟಲಲ್ಲಿ ಉಳಿದಿದ್ದ ಫೆವಿಕಾಲನ್ನು ಕಲಸಿ ಇನ್ನೊಂದು ಮುದ್ದೆ ಮಾಡಿ ಸ್ಟೀಲಿನ ಡಬ್ಬಿಗೆ ಹಾಕಿಕೊಂಡಳು. "ಹಬ್ಬದ ಮುಂದ ಯಾಕ ಜಗಳ..." ಎಂದು ಸುರು ಮಾಡಿದ ಜಯತೀರ್ಥ ಅವಳ ಮುಖ ನೋಡಿ, "ಛತ್ರಿ ತಗೊಂಡು ಹೋಗ್ರಿ, ಬಿಸಲದ," ಎಂದು ಮುಗಿಸಿದ. ಹುಮನಾಬಾದ ಕಡೆಯಿಂದ ಬಂದ ಬಸ್ಸಿನಲ್ಲಿ ಇಬ್ಬರೂ ನಿಂತೇ ಕಲಬುರಗಿಗೆ ಬಂದರು. ಸೂಪರ್ ಮಾರ್ಕೆಟ್ಟಿನ ಬಳಿ ದೀಪಾವಳಿಯ ಗದ್ದಲ. ಆಟೋದವನು ಕುಸನೂರ ರಸ್ತೆಗೆ ಬಾಯಿಗೆ ಬಂದಷ್ಟು ಕೇಳಿದ. ಬೇರೆ ದಿನವಾಗಿದ್ದರೆ ಇಂದೂಬಾಯಿ ಅವನನ್ನು ಹುರಿದು ಮುಕ್ಕುತ್ತಿದ್ದಳು. ಇವತ್ತು ಸಿಟ್ಟನ್ನು ಅವನ ಮೇಲೆ ಖರ್ಚು ಮಾಡಲು ಮನಸ್ಸಾಗಲಿಲ್ಲ.

ಮನೆಯಲ್ಲಿ ಎಲ್ಲರೂ ಇದ್ದರು. ನರಸಿಂಹರಾಯರು ಆರಾಮ ಕುರ್ಚಿಯಲ್ಲಿ, ಗೋಪಾಲ ಆಫೀಸಿಗೆ ರಜೆ ಹಾಕಿ ದೀಪದ ಸರ ಕಟ್ಟುತ್ತಿದ್ದ. ವೈಜಯಂತಿ, "ಅಯ್ಯ, ಬಾ ಇಂದೂ, ಹೇಳದಽ ಕೇಳದಽ ಬಂದೀದಿ," ಎಂದು ನಕ್ಕಳು. ಅಡುಗೆಮನೆಯಲ್ಲಿ ಸಕ್ಕೂಬಾಯಿ ಮಡಿಯಲ್ಲಿ ನೈವೇದ್ಯದ ಅಡುಗೆ ಮಾಡುತ್ತಿದ್ದರು. ಅನ್ನ ಕುದಿಯುವ ಸದ್ದು ಕೇಳುತ್ತಿತ್ತು.

ಇಂದೂಬಾಯಿ ಚಪ್ಪಲಿ ಬಿಟ್ಟು ಬಂದವಳು ಕೂಡಲಿಲ್ಲ. ವಾರಿಯನ್ನು ನಡುಮನೆಯ ನಡುವೆ ನಿಲ್ಲಿಸಿದಳು.

"ಎಲ್ಲಾರೂ ಕೇಳ್ರಿ. ಇದೇ ಜಾಗಾದಾಗ ನಾ ಈಕಿಗೆ ಹೊಡದಿದ್ದೆ. ನಂದು ತಪ್ಪು. ಈಕಿ ಏನೂ ತಗೊಂಡಿಲ್ಲ."

"ಆ ಹಳೀ ಮಾತು ಈಗ ಯಾಕ," ಎಂದ ಗೋಪಾಲ.

"ನಿಮಗ ಹಳೀದು. ಈಕಿ ದಿನಾ ಕಂಡಕಂಡವರ ಬಾಗಲದಾಗ ಕಿಸೆ ತಿರುವಿ ತೋರಿಸ್ಲಿಕತ್ತಾಳ. ಈಕಿಗೆ ದಿನಾ ಹೊಸದಽ ಅದ ಅಣ್ಣಾ."

ವೈಜಯಂತಿಯ ನಗು ಮುದುಡಿತು. "ನಾವೇನು ಕಳ್ಳಿ ಅಂದಿದ್ವೇನು? ಮತ್ತ ಆ ಸ್ಲೈಮು ತಾನೇ ನಡಕೋತ ಹೋತಾ?"

"ಎಲ್ಲೆ ಹೋತು ಅಂತ ಅವ್ವನ್ನ ಕೇಳ್ರಿ ವೈನಿ."

ಎನ್ನುತ್ತಲೇ ಇಂದೂಬಾಯಿ ಸ್ಟೂಲು ಎಳೆದು ಹತ್ತಿ, ಗಳದ ಮೇಲಿದ್ದ, ಅವ್ವ ಆ ದಿನ ಉಟ್ಟಿದ್ದ ಮಡಿಸೀರೆಯನ್ನು ಬಸ್ಸಿನ ಕಂಬಿ ಹಿಡಿದು ಬಂದ ಅದೇ ಕೈಯಿಂದ ಸರ್ರನೆ ಎಳೆದಳು. ಗೋಪಾಲ, "ಏ, ಮೈಲಿಗಿ!" ಎಂದು ಕೂಗಿದ. ಅವಳು ಸೀರೆಯನ್ನು ನೆಲದ ಮೇಲೆ ಹರವಿ ನಿರಿಗೆಯ ಭಾಗ ಹುಡುಕಿದಳು. ಸಿಕ್ಕಿತು. ಎಷ್ಟು ತಿಕ್ಕಿದರೂ ಹೋಗದೆ ಉಳಿದ ಅಂಗೈಯಗಲ ಹಸಿರು ಕಲೆ.

"ಇದು ನಾ ಮನ್ಯಾಗ ಮಾಡಿದ್ದು," ಎಂದು ಡಬ್ಬಿಯಿಂದ ಕೆಂಪು ಮುದ್ದೆ ತೆಗೆದು ಎಲ್ಲರಿಗೂ ಎತ್ತಿ ತೋರಿಸಿದಳು. "ಬಟ್ಟಿಗೆ ಬಿತ್ತಂದ್ರ ಬೆಳಗಾಗೂದ್ರಾಗ ಇಂಗಿ ಹೋಗ್ತದ. ಸಾಬೂನಿಗೆ ಬಿಡಂಗಿಲ್ಲ. ಲಿಂಬಿಹಣ್ಣಿಗೆ ಬಿಡ್ತದ. ಅವ್ವಾ, ಅವತ್ತು ಎಣ್ಣಿ ಬಿದ್ದದ ಅಂದಿದ್ದಿಯಲ್ಲಾ, ಹಸರು ಎಣ್ಣಿ ಯಾವ ಅಂಗಡ್ಯಾಗ ಸಿಗ್ತದ?"

ಬಾಗಿಲ ಮರೆಯಿಂದ ಮೇಧಾ ಅಳುತ್ತ ಹೊರಗೆ ಬಂದಳು. "ನಾ ಮ್ಯಾಲ ಒಗದಿದ್ದೆ ಅತ್ಯಾ. ಕೆಳಗ ಬರಲೇ ಇಲ್ಲ. ಅವ್ವ ಬೈತಾಳ ಅಂತ ಹೇಳಲಿಲ್ಲ."

ಸಕ್ಕೂಬಾಯಿ ಅಡುಗೆಮನೆಯ ಹೊಸ್ತಿಲ ಒಳಗೇ ನಿಂತಿದ್ದರು. ಕೈಯಲ್ಲಿ ಸೌಟು ಹಾಗೇ ಇತ್ತು.

"ಬೆಳಗಿನ ಕತ್ತಲದಾಗ ಉಟ್ಟಿದ್ದೆ, ಕಂಡಿದ್ದಿಲ್ಲ," ಎಂದರು. "ನೈವೇದ್ಯ ಆಗಿ, ಬ್ರಾಹ್ಮಣರು ಊಟಕ್ಕ ಕೂತ ಮ್ಯಾಲ ನಿರಿಗಿ ಕಾಲಿಗೆ ಹತ್ತಿತು. ಆಗ ನೋಡಿದೆ. ಏನು ಮಾಡ್ಲಿ? ಯಾವ ಪ್ರಾಣಿ ಕೊಬ್ಬೋ ಎಲ್ಲೀದೋ, ಎಲ್ಲಾರೂ ಮುಟ್ಟಿದ್ದು ಅದು. ಅದನ್ನ ಉಟಗೊಂಡು ನಾ ಅನಂತಗ ಅಡಗಿ ಮಾಡಿದ್ದೆ. ಹೇಳಿದ್ರ ಹದಿನಾಕು ವರ್ಷದ ವ್ರತ ಕೆಟ್ಟಂಗ. ನಿಮ್ಮಪ್ಪನ ಜೀವದ ಮ್ಯಾಲಿನ ವ್ರತ ಅದು ಇಂದೂ. ಹುಡುಗರು ಇವತ್ತು ಅಳ್ತಾವ, ನಾಳೆ ಮರೀತಾವ ಅಂದ್ಕೊಂಡೆ."

ಕುರ್ಚಿಯಲ್ಲಿ ಕೂತಿದ್ದ ನರಸಿಂಹರಾಯರು ಮೆಲ್ಲಗೆ ಕೇಳಿದರು: "ನನ್ನ ಜೀವಕ್ಕ ಈ ಕೂಸಿನ ಮಾನ ಒತ್ತಿ ಇಟ್ಟೆಯೇನ ಸಕ್ಕೂ?"

ಸಕ್ಕೂಬಾಯಿ ಮೊಮ್ಮಗಳ ಕಡೆ ನೋಡಿ, "ನೀ ತಗೊಂಡಿಲ್ಲ ತಂಗಿ. ನನಗ ಗೊತ್ತಿತ್ತು," ಎಂದರು. ಆಮೇಲೆ, "ಅಡಗಿ ಆಗಲಿ. ಮಡಿ ಬಿಟ್ಟು ಬರ್ತೇನಿ. ಕೂತು ಮಾತಾಡೋಣು," ಎಂದರು.

ಮಡಿ ಬಿಟ್ಟು ಬರುತ್ತಾರಂತೆ! ಇಂದೂಬಾಯಿಯ ನೆತ್ತಿಗೆ ಬೆಂಕಿ ಹತ್ತಿತು. ದೇವರು ಕಾಯಲಾರ, ಅನ್ನ ಕಾಯಲಾರದು. ಕಾಯಬೇಕಾದದ್ದು ಈ ಹುಡುಗಿಯೊಂದೇ.

"ಏನೂ ಬ್ಯಾಡ," ಎಂದಳು. "ನಿನ್ನ ಮಡಿ ನಿನಗಽ ಇರಲಿ. ನಡಿ ವಾರಿ."

ವೈಜಯಂತಿ, "ಊಟ ಮಾಡಿ ಹೋಗ್ರಿ," ಎಂದಳು. ಗೋಪಾಲ, "ಇಂದೂ, ಕೇಳಿಲ್ಲೆ," ಎಂದ. ಯಾರ ಮಾತಿಗೂ ನಿಲ್ಲದೆ ಅವಳು ಮಗಳ ರಟ್ಟೆ ಹಿಡಿದು ಬಾಗಿಲಿಗೆ ಬಂದು ಚಪ್ಪಲಿ ಮೆಟ್ಟಿದಳು. ತಿರುಗಿ ನೋಡಿದರೆ ವಾರಿ ಹೊಸ್ತಿಲಲ್ಲೇ ನಿಂತಿದ್ದಾಳೆ. ಒಳಗಿನವರ ಕಡೆ ಮುಖ ಮಾಡಿ, ಫ್ರಾಕಿನ ಬಲಗಡೆಯ ಕಿಸೆ ತಿರುವಿದಳು, ಎಡಗಡೆಯದು ತಿರುವಿದಳು. ಖಾಲಿ ಕಿಸೆ ಎರಡೂ ಆಚೆ ಈಚೆ ಜೋತುಬಿದ್ದವು. ಇನ್ನು ಯಾರೂ ಅವಳನ್ನು ಕಳ್ಳಿ ಎನ್ನುವುದಿಲ್ಲ ಎಂದು ಆಗಷ್ಟೇ ತೀರ್ಮಾನವಾಗಿತ್ತು. ಅದು ದೊಡ್ಡವರಿಗೆ ತಿಳಿದಿತ್ತು, ಅವಳ ಕೈಗಳಿಗೆ ಇನ್ನೂ ತಿಳಿದಿರಲಿಲ್ಲ.

ಮೇಧಾಳ ಅಳುವೂ ನಿಂತಿತು.

ಅಡುಗೆಮನೆಯಲ್ಲಿ ಸೌಟು ಬಿದ್ದ ಸದ್ದಾಯಿತು. ಸಕ್ಕೂಬಾಯಿ ಹೊಸ್ತಿಲು ದಾಟಿ, ನೆಲದ ಮೇಲೆ ಹರವಿದ್ದ ಸೀರೆಯನ್ನು ತುಳಿದುಕೊಂಡೇ, ನಡುಮನೆ ದಾಟಿ ಬಂದರು. ಬಸ್ಸಿನ ಧೂಳು ಹತ್ತಿದ ಹುಡುಗಿಯ ಮುಂದೆ ಮೊಣಕಾಲೂರಿ ಕೂತು, ಒಂದೊಂದೇ ಕಿಸೆಯನ್ನು ಒಳಗೆ ತಳ್ಳಿದರು. ತಳ್ಳಿದ ಮೇಲೂ ಕೈ ತೆಗೆಯಲಿಲ್ಲ.

"ಅಜ್ಜಿ, ನಿಮ್ಮ ಮಡಿ ಹೋತು," ಎಂದಳು ವಾರಿ, ಗಾಬರಿಯಿಂದ.

"ಹೋಗಲಿ."

ಇಂದೂಬಾಯಿಗೆ ಅಳು ಬರಬೇಕಿತ್ತು. ಬರಲಿಲ್ಲ. ಬಂದದ್ದು ಸಿಟ್ಟೇ.

"ಅವತ್ತಽ ಹೋಗಿದ್ರ ಏನಾಗ್ತಿತ್ತವ್ವಾ?" ಎಂದು ಕೇಳಿದಳು.

ಇಂದೂಬಾಯಿ ಕೈಯಲ್ಲಿದ್ದ ಡಬ್ಬಿಯನ್ನು ಮಗಳಿಗೆ ಚಾಚಿದಳು. ವಾರಿ ಒಮ್ಮೆ ಎಲ್ಲರ ಮುಖ ನೋಡಿ, ಕೆಂಪು ಮುದ್ದೆಯನ್ನು ಎತ್ತಿಕೊಂಡು, ಅಜ್ಜಿ ಒಳಗೆ ತಳ್ಳಿದ ಕಿಸೆಗೆ ಹಾಕಿಕೊಂಡಳು. ಒಳಗಿಂದ ಅನ್ನ ತಳ ಹತ್ತಿದ ವಾಸನೆ ಬಂತು. ನೋಡಲಿಕ್ಕೆ ಯಾರೂ ಹೋಗಲಿಲ್ಲ.